ಬಿಸಿಯಾಗಿ ನಿಲ್ಲುತ್ತಿದ್ದ ಪಿಎಸ್4: ಒಮ್ಮೆ ಬೆಂಗಳೂರಿಗೆ ಕಳಿಸಿದೆ, ಒಮ್ಮೆ ಮನೆಯಲ್ಲೇ ಬಿಚ್ಚಿದೆ

ನನ್ನ ಪಿಎಸ್4ಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 4 ಗೇಮ್ ಯಂತ್ರಕ್ಕೆ, ಒಂದೇ ಕಾಯಿಲೆ ಎರಡು ಸಲ ಬಂತು. ಮೊದಲ ಸಲ 2022ರ ಮಾರ್ಚ್‌ನಲ್ಲಿ, ಎರಡನೇ ಸಲ 2024ರ ಏಪ್ರಿಲ್‌ನಲ್ಲಿ. ಆಟ ಶುರು ಮಾಡಿ ಇಪ್ಪತ್ತೈದು ನಿಮಿಷಕ್ಕೆ ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತಿತ್ತು. ಇನ್ನೈದು ನಿಮಿಷಕ್ಕೆ, ತುಂಬಾ ಬಿಸಿಯಾಗಿದೆ, ಆಫ್ ಮಾಡಿ ತಣ್ಣಗಾಗಲು ಬಿಡಿ ಎಂಬ ಸಂದೇಶ ಪರದೆ ಮೇಲೆ ಬರುತ್ತಿತ್ತು. ಮೊದಲ ಸಲ ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್‌ಗೆ ಕೊರಿಯರ್ ಮಾಡಿದೆ. ಎರಡನೇ ಸಲ ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ನಾನೇ ಬಿಚ್ಚಿದೆ. ಯಂತ್ರವೂ ಅದೇ, ತೊಂದರೆಯೂ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳುವಷ್ಟು ಅನುಭವ ಈಗ ಆಗಿದೆ.

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಯಂತ್ರದ್ದಲ್ಲ. ನಮ್ಮ ಮನೆ ಹೊಸಪೇಟೆಯಲ್ಲಿ, ಸಂಡೂರು ಕಡೆಯಿಂದ ಅದಿರಿನ ಲಾರಿ ಓಡಾಡುವ ರಸ್ತೆಗೆ ಹತ್ತಿರ. ಬೆಳಿಗ್ಗೆ ಒರೆಸಿದ ಕಿಟಕಿ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಕೆಂಪು ಧೂಳು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಪಿಎಸ್4 ಜೊತೆ ಬರುವ ಕೈಪಿಡಿಯಲ್ಲಿ 5ರಿಂದ 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಎಂದಿದೆ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಕೋಣೆಯೊಳಗೇ 36, 37 ಇರುತ್ತದೆ. ಅಂದರೆ ಆನ್ ಮಾಡುವ ಮುಂಚೆಯೇ ಮಿತಿ ದಾಟಿರುತ್ತದೆ. ಇದರ ಮೇಲೆ ನಾನು ಅದನ್ನು ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದೆ. ಬಿಸಿ ಗಾಳಿ ಹೊರಗೆ ಹೋಗುವುದೇ ಹಿಂಭಾಗದಿಂದ.

ಕಳಿಸಿದ ಕಥೆ ಚಿಕ್ಕದು. ಯಂತ್ರ 2016ರದ್ದು, ಒಂದು ವರ್ಷದ ವಾರಂಟಿ ಎಂದೋ ಮುಗಿದಿತ್ತು. ಥರ್ಮಾಕೋಲ್ ಹಾಕಿ ಪ್ಯಾಕ್ ಮಾಡಿಸಲು 150 ರೂಪಾಯಿ, ಹೋಗುವ ಕೊರಿಯರ್ 540, ಬರುವ ಕೊರಿಯರ್ 540, ಸರ್ವಿಸ್ ಬಿಲ್ ಜಿಎಸ್‌ಟಿ ಸೇರಿ 2,950. ಒಟ್ಟು 4,180. ಕೈಗೆ ವಾಪಸ್ ಬರಲು 23 ದಿನ ಹಿಡಿಯಿತು. ಬಿಲ್ಲಿನಲ್ಲಿ ಇದ್ದದ್ದು ಎರಡೇ ಸಾಲು: ಕ್ಲೀನಿಂಗ್, ಥರ್ಮಲ್ ಪೇಸ್ಟ್ (ಮುಖ್ಯ ಚಿಪ್ಪಿನ ಬಿಸಿ ದಾಟಿಸಲು ಹಚ್ಚುವ ಲೇಪ) ಬದಲಾವಣೆ. ಕೆಲಸಕ್ಕೆ ಮೂರು ತಿಂಗಳ ಗ್ಯಾರಂಟಿ. ಫೋನ್ ಮಾಡಿ, ‘ಸರ್, ಒಳಗೆ ಧೂಳು ಜಾಸ್ತಿ ಇತ್ತಾ? ಫ್ಯಾನ್ ಸರಿ ಇದೆಯಾ?’ ಎಂದು ಕೇಳಿದೆ. ‘ಎಲ್ಲಾ ಮಾಡಿದೀವಿ ಸರ್, ಆರಾಮಾಗಿ ಆಡಿ’ ಎಂದರು. ನಿಜಕ್ಕೂ ಆರಾಮಾಗಿಯೇ ಆಡಿದೆ. ಸುಮಾರು ಹದಿನಾಲ್ಕು ತಿಂಗಳು ಫ್ಯಾನಿನ ಸದ್ದೇ ಕೇಳಲಿಲ್ಲ.

ಆದರೆ ಒಂದು ಕೊರತೆ ಆಗಲೇ ಮನಸ್ಸಿಗೆ ಹತ್ತಿತ್ತು. ಒಳಗೆ ಏನಾಗಿತ್ತು ಎನ್ನುವುದು ನನಗೆ ಗೊತ್ತಾಗಲೇ ಇಲ್ಲ. ಧೂಳಿನಿಂದ ಕಾದಿತ್ತೋ, ಪೇಸ್ಟ್ ಒಣಗಿ ಕಾದಿತ್ತೋ? ಒಂದು ಫೋಟೋ ಕಳಿಸಿದ್ದರೂ ಸಾಕಿತ್ತು. ಗೊತ್ತಾಗದಿದ್ದರಿಂದ ನನ್ನ ಅಭ್ಯಾಸ ಏನೂ ಬದಲಾಗಲಿಲ್ಲ. ಅದೇ ಖಾನೆ, ಅದೇ ಗೋಡೆ. ಎರಡು ವರ್ಷಕ್ಕೆ ಅದೇ ಸಂದೇಶ ಮತ್ತೆ ಬಂತು.

2024ರಲ್ಲಿ ಮನೆಯಲ್ಲೇ ಬಿಚ್ಚಲು ತಯಾರಾದಾಗ ಕೊಂಡದ್ದು ಇಷ್ಟು. ನಕ್ಷತ್ರದಂಥ ತುದಿಯ, ನಡುವೆ ತೂತಿರುವ ಟಿ8 ಟಾರ್ಕ್ಸ್ ಸ್ಕ್ರೂಡ್ರೈವರ್ 180 ರೂಪಾಯಿ, ನಾಲ್ಕು ಗ್ರಾಂ ಥರ್ಮಲ್ ಪೇಸ್ಟ್ 620, ನೂರು ಎಂಎಲ್ ಐಸೋಪ್ರೊಪೈಲ್ ಆಲ್ಕೋಹಾಲ್ 160, ಮೆತ್ತಗಿನ ಬ್ರಷ್ಷು 60. ಒಟ್ಟು 1,020. ಸಾದಾ ಪ್ಲಸ್ ಸ್ಕ್ರೂಡ್ರೈವರ್ ಮನೆಯಲ್ಲೇ ಇತ್ತು. ಗಾಳಿ ಹೊಡೆಯಲು ಪಕ್ಕದ ರಸ್ತೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ಅಣ್ಣನಿಂದ ಬ್ಲೋವರ್ ಕೇಳಿ ತಂದೆ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿಯೂ ಎಣ್ಣೆಯೂ ಇರುತ್ತವೆ, ಒತ್ತಡವೂ ಜಾಸ್ತಿ. ಬ್ಲೋವರ್ ಹಿಡಿಯುವಾಗಲೂ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಬೇಕು. ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟೆ. ಪಿಎಸ್4ನ ಪವರ್ ಸಪ್ಲೈ ಯಂತ್ರದ ಹೊಟ್ಟೆಯೊಳಗೇ ಇದೆ. ಮನೆಯ ಕರೆಂಟು ನೇರ ಅದಕ್ಕೇ ಹೋಗುತ್ತದೆ, ಅದರ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಆ ಕಪ್ಪು ಡಬ್ಬಿಯನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಬಹುದು, ಬಿಚ್ಚಲು ಹೋಗಬಾರದು.

ಹಿಂಬದಿಯ ಸ್ಟಿಕ್ಕರ್‌ಗಳನ್ನು ಸುಲಿದು, ಅವುಗಳ ಕೆಳಗಿನ ಸ್ಕ್ರೂ ತೆಗೆದು, ಕೆಳಗಿನ ಮುಚ್ಚಳ ಎತ್ತಿದೆ. ಫ್ಯಾನಿನ ಸುತ್ತ ಸ್ವಲ್ಪ ಧೂಳಿತ್ತು, ಅಷ್ಟೇನೂ ಇರಲಿಲ್ಲ. ಇಷ್ಟಕ್ಕೆ ಇಷ್ಟು ಕಾಯುತ್ತದಾ ಎಂದು ಅನುಮಾನ ಬಂತು. ಆಮೇಲೆ ಪವರ್ ಸಪ್ಲೈಯನ್ನು ನೇರವಾಗಿ ಮೇಲಕ್ಕೆ ಎತ್ತಿದೆ. ಅದರಡಿ ಚಿಪ್ಪಿನ ಬಿಸಿ ಹೀರಿ ಗಾಳಿಗೆ ಬಿಡುವ ಹೀಟ್ ಸಿಂಕ್ ಇದೆ, ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ನಿಂತ ಲೋಹದ ತಗಡುಗಳು. ತಗಡುಗಳೇ ಕಾಣಿಸಲಿಲ್ಲ. ಅವುಗಳ ಬಾಯಿಗೆ ಅಡ್ಡಲಾಗಿ ಇಟ್ಟಿಗೆ ಬಣ್ಣದ ಒಂದು ಕಂಬಳಿ ತುಂಡು ಕೂತಿತ್ತು. ಚಿಮುಟದಲ್ಲಿ ಒಂದು ಮೂಲೆ ಹಿಡಿದು ಎಳೆದೆ. ಪುಡಿಯಾಗದೆ, ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಒಳಮೈಯಲ್ಲಿ ತಗಡುಗಳ ಅಚ್ಚು ಸಾಲು ಸಾಲಾಗಿ ಮೂಡಿತ್ತು. ಅಮ್ಮ ಅಡುಗೆಮನೆಯಿಂದ ಬಂದು ನೋಡಿ, ‘ಇದನ್ನೆಲ್ಲಾ ನಾವೂ ಉಸಿರಾಡ್ತೀವಲ್ಲೋ’ ಎಂದರು. ಆ ಮಾತು ಈಗಲೂ ನೆನಪಾಗುತ್ತದೆ.

ಇಷ್ಟು ತೆಗೆದ ಮೇಲೆ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪೇಸ್ಟ್ ತಂದಿದ್ದೇನಲ್ಲ, ಹಾಕಿಯೇ ಬಿಡೋಣ ಎಂದು ಡಿಸ್ಕ್ ಡ್ರೈವ್ ತೆಗೆದು, ವೈಫೈ ವೈರು ಬಿಡಿಸಿ, ಬೋರ್ಡ್ ಎತ್ತಿದೆ. ಈ ಯಂತ್ರದ ಮುಖ್ಯ ಚಿಪ್ಪು ಎಎಂಡಿ ಎಂಬ ಕಂಪನಿಯದ್ದು. ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಸಿಲಿಕಾನ್ ತುಂಡಿನಲ್ಲಿವೆ. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದು, ಮೇಲೆ ಲೋಹದ ಮುಚ್ಚಳವಿಲ್ಲ, ಬೆತ್ತಲೆ ಚಿಪ್ಪು. ಆಡುವಾಗ ಹುಟ್ಟುವ ಬಿಸಿಯ ದೊಡ್ಡ ಪಾಲು ಅಷ್ಟು ಜಾಗದಿಂದಲೇ ಬರುತ್ತದೆ. ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಅಲ್ಲಿ ಗಾಳಿ ಸೇರಿದರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬುವುದೇ ಪೇಸ್ಟಿನ ಕೆಲಸ. ಪೇಸ್ಟ್ ಒಣಗಿ ಒಡೆದರೆ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನ ಕಡಿಮೆ.

ನೋಡಿದರೆ ಎರಡು ವರ್ಷದ ಹಿಂದೆ ಹಾಕಿದ್ದ ಪೇಸ್ಟ್ ಚೆನ್ನಾಗಿಯೇ ಇತ್ತು. ಉಗುರಿಗೆ ಮೆತ್ತಗೆ ಅಂಟಿತು, ಚಿಪ್ಪಿನ ನಾಲ್ಕೂ ಮೂಲೆಗೆ ಸಮನಾಗಿ ಹರಡಿತ್ತು. ಸರ್ವಿಸ್ ಸೆಂಟರ್‌ನವರು ಪ್ರಾಮಾಣಿಕವಾಗಿ ಕೆಲಸ ಮಾಡಿದ್ದರು ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಈ ಸಲ ಕಾದದ್ದು ಬರೀ ಧೂಳಿನಿಂದ.

ಆದರೂ ಬಿಚ್ಚಿದ ಮೇಲೆ ಹಳೇ ಪೇಸ್ಟ್ ಹಾಗೇ ಬಿಡುವಂತಿಲ್ಲ. ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಎರಡೂ ಕಡೆ ಕನ್ನಡಿ ಥರ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತೆಳ್ಳಗೆ ಎಳೆದೆ. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತಗಿನ ಪ್ಯಾಡುಗಳನ್ನು ಮುಟ್ಟಲಿಲ್ಲ, ಅವು ಹರಿದರೆ ಅದೇ ದಪ್ಪದ್ದು ಹುಡುಕಬೇಕು. ಕ್ಲಾಂಪಿನ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಆ ಕಡೆ ಒಂದು ಸುತ್ತು ಈ ಕಡೆ ಒಂದು ಸುತ್ತು ಎಂದು ಬಿಗಿದೆ. ಬೆತ್ತಲೆ ಚಿಪ್ಪಿನ ಮೇಲೆ ಒತ್ತಡ ಒಂದೇ ಕಡೆ ಬಿದ್ದರೆ ಅಂಚು ಮುರಿಯಬಹುದು.

ಬೆಳಿಗ್ಗೆ ಹತ್ತಕ್ಕೆ ಕೂತವನು ಮಧ್ಯಾಹ್ನ ಮೂರಕ್ಕೆ ಎದ್ದೆ. ಆನ್ ಆಯಿತು, ಸದ್ದಿಲ್ಲ, ಖುಷಿಯಾಯಿತು. ಡಿಸ್ಕ್ ಹಾಕಿದರೆ ಒಳಗೆಳೆದುಕೊಳ್ಳಲೇ ಇಲ್ಲ. ಆಗ ನಿಜವಾಗಿಯೂ ಹೆದರಿದೆ. ಸಂಜೆ ಮತ್ತೆ ಬಿಚ್ಚಿ ನೋಡಿದಾಗ ಡ್ರೈವಿನ ಚಪ್ಪಟೆ ಕೇಬಲ್ ಅರ್ಧ ಮಾತ್ರ ಕೂತಿತ್ತು. ಸರಿಯಾಗಿ ತಳ್ಳಿ ಕೂರಿಸಿದೆ, ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಇದು ಪೇಸ್ಟ್ ತನಕ ಹೋದದ್ದಕ್ಕೆ ಬಂದ ತೊಂದರೆ. ಪವರ್ ಸಪ್ಲೈ ಎತ್ತಿ, ಕಂಬಳಿ ಕಿತ್ತು, ಮುಚ್ಚಳ ಹಾಕಿದ್ದರೆ ನಲವತ್ತು ನಿಮಿಷದ ಕೆಲಸ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಧೂಳು ತೆಗೆಯಲು ಪಿಎಸ್4 ಅನ್ನು ಯಾರೂ ಬೆಂಗಳೂರಿಗೆ ಕಳಿಸಬೇಕಿಲ್ಲ. ಸ್ಕ್ರೂಡ್ರೈವರ್ ಹಿಡಿದು ಗೊತ್ತಿರುವ ಯಾರಾದರೂ ಮಾಡಬಹುದು. ಪೇಸ್ಟ್ ಬದಲಿಸುವುದು ಎರಡನೇ ಹೆಜ್ಜೆ. ಧೂಳು ತೆಗೆದ ಮೇಲೂ ಕಾದರೆ, ಅಥವಾ ನಾಲ್ಕೈದು ವರ್ಷ ಯಾರೂ ಮುಟ್ಟಿಲ್ಲವಾದರೆ ಮಾಡಿ. ಕೈ ನಡುಗುತ್ತದೆ ಎಂದರೆ ಕಳಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ಇವೆರಡೂ ಆದ ಮೇಲೂ ಆಫ್ ಆಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಚಿತ್ರ ಒಡೆದೊಡೆದು ಬಂದರೆ ಅದು ಬೋರ್ಡಿನ ಅಥವಾ ಪವರ್ ಸಪ್ಲೈನ ಕೆಲಸ. ಅದಕ್ಕೆ ಮನೆಯಲ್ಲಿ ಜಾಗವಿಲ್ಲ.

ಕಳಿಸುವವರು ಮೊದಲು ಸೇವ್ ಫೈಲ್‌ಗಳನ್ನು, ಅಂದರೆ ಆಟ ಎಲ್ಲಿವರೆಗೆ ಆಡಿದ್ದೀರಿ ಎಂಬ ದಾಖಲೆಗಳನ್ನು, ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಪಿಎಸ್4ನ ಹಾರ್ಡ್ ಡಿಸ್ಕ್ ಆಯಾ ಯಂತ್ರಕ್ಕೇ ಬೀಗ ಹಾಕಿದಂತೆ ಇರುತ್ತದೆ. ಬೋರ್ಡ್ ಬದಲಾಗಿ ಬಂದರೆ ಹಳೇ ಡಿಸ್ಕನ್ನು ಅದು ಓದುವುದಿಲ್ಲ. ನಾನು ಕಳಿಸುವಾಗ ಇದನ್ನು ಮಾಡಿದ್ದೆ, ಹಾಗಾಗಿ ಆ 23 ದಿನ ನೆಮ್ಮದಿಯಾಗಿದ್ದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಅಂಗಡಿಗಳಲ್ಲಿ, ಮನೆಗಳಲ್ಲಿ ಕೂಡ, ಚಿಪ್ಪಿಗೆ ಹೀಟ್ ಗನ್ (ಸುಡುವಷ್ಟು ಬಿಸಿ ಗಾಳಿ ಊದುವ ಉಪಕರಣ) ಹಿಡಿದು ‘ಸರಿ ಮಾಡುವ’ ಪದ್ಧತಿ ಇದೆ. ಇದರ ಹಿಂದೆ ಹಳೇ ಕಥೆಯಿದೆ. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಯಲ್ಲಿ ಮೂರು ಕೆಂಪು ದೀಪ ಹೊತ್ತಿ ಯಂತ್ರ ಸಾಯುತ್ತಿದ್ದ ಕಾಲದಲ್ಲಿ ಜನ ಅದಕ್ಕೆ ಟವೆಲ್ ಸುತ್ತಿ ಬೇಕೆಂದೇ ಕಾಯಿಸುತ್ತಿದ್ದರು. ಕೆಲವು ಮತ್ತೆ ಆನ್ ಆಗುತ್ತಿದ್ದವು, ಸ್ವಲ್ಪ ದಿನಕ್ಕೆ ಮತ್ತೆ ಸಾಯುತ್ತಿದ್ದವು. ಕಾದು ಆರಿ, ಕಾದು ಆರಿ ಒಳಗಿನ ಸಂಪರ್ಕಗಳೇ ಬಿರಿದಿದ್ದವು, ಮತ್ತಷ್ಟು ಕಾಯಿಸಿದರೆ ಎಲ್ಲಿ ವಾಸಿಯಾಗುತ್ತದೆ? ಕೊನೆಗೆ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ತೊಂದರೆಗೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿತು, ಅದಕ್ಕಾಗಿ ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ತೆಗೆದಿಟ್ಟಿತು. ಅಷ್ಟು ದೊಡ್ಡ ಕಂಪನಿಯೇ ಹೀಗೆ ಸರಿಪಡಿಸಬೇಕಾಯಿತು. ಹೀಟ್ ಗನ್ ಹಿಡಿಯುತ್ತೇವೆ ಎಂದವರಿಗೆ ನಿಮ್ಮ ಯಂತ್ರ ಕೊಡಬೇಡಿ.

ಫಲಿತಾಂಶ ಹೇಳುವಾಗ ನ್ಯಾಯವಾಗಿ ಹೇಳಬೇಕು. ಸರ್ವಿಸ್ ಆದ ಮೇಲೆ ಹದಿನಾಲ್ಕು ತಿಂಗಳು ಸದ್ದಿಲ್ಲದೆ ನಡೆಯಿತು. ಮನೆಯಲ್ಲಿ ಮಾಡಿದ ಮೇಲೆ ಎರಡು ಬೇಸಿಗೆ ಕಳೆದವು, ಆ ಸಂದೇಶ ಒಮ್ಮೆಯೂ ಬಂದಿಲ್ಲ. ಮೊದಲು ದೊಡ್ಡ ಆಟಗಳಲ್ಲಿ ಮ್ಯಾಪ್ ತೆರೆದರೆ ಸಾಕು ಗಿರಣಿ ಶುರುವಾಗುತ್ತಿತ್ತು, ಈಗ ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಅದು ಮುಳುಗಿ ಹೋಗುತ್ತದೆ. ಆದರೆ ಇದು ನನ್ನ ಕೈಚಳಕ ಮಾತ್ರ ಅಲ್ಲ. ಆ ಕಂಬಳಿ ತುಂಡು ನೋಡಿದ ದಿನವೇ ಯಂತ್ರವನ್ನು ಖಾನೆಯಿಂದ ತೆಗೆದು ಟೇಬಲ್ ಮೇಲಿಟ್ಟೆ, ಹಿಂದೆ ಒಂದು ಗೇಣು ಜಾಗ ಬಿಟ್ಟೆ. ದಸರೆಗೆ ಮನೆ ಕ್ಲೀನ್ ಮಾಡುವಾಗ ಒಮ್ಮೆ, ಯುಗಾದಿಗೆ ಒಮ್ಮೆ ಮುಚ್ಚಳ ತೆಗೆದು ಧೂಳು ಹೊಡೆಯುತ್ತೇನೆ. 4,180 ರೂಪಾಯಿ ಕೊಟ್ಟಾಗ ಸಿಗದ ತಿಳಿವಳಿಕೆ ಅದು.

ಇಷ್ಟೆಲ್ಲಾ ಆದ ಮೇಲೆ ಕಳೆದ ತಿಂಗಳು ಅಕ್ಕನ ಮಗ ಹುಬ್ಬಳ್ಳಿಯಿಂದ ತನ್ನ ಪಿಎಸ್5 ಹಿಡಿದು ಬಂದ. ‘ಮಾಮಾ, ಇದೂ ಬಿಸಿ ಆಗಿ ಆಫ್ ಆಗ್ತದ, ನೀನೇ ಬಿಚ್ಚು’ ಎಂದ. ಬಿಚ್ಚಲಿಲ್ಲ. ಪಿಎಸ್5ನಲ್ಲಿ ಚಿಪ್ಪಿನ ಮೇಲೆ ಪೇಸ್ಟ್ ಬದಲು ದ್ರವ ಲೋಹ ಹಾಕಿದ್ದಾರೆ. ಬಿಸಿ ದಾಟಿಸುವುದರಲ್ಲಿ ಪೇಸ್ಟಿಗಿಂತ ಎಷ್ಟೋ ಮೇಲು, ಆದರೆ ಅದರಲ್ಲಿ ಕರೆಂಟೂ ಹರಿಯುತ್ತದೆ. ಒಂದು ಹನಿ ಬೋರ್ಡ್ ಮೇಲೆ ಜಾರಿದರೆ ಮುಗಿಯಿತು. ಧೂಳಿನ ವಿಷಯದಲ್ಲಿ ಮಾತ್ರ ಅದನ್ನು ಮಾಡಿದವರು ಮನೆಯಲ್ಲೇ ಕ್ಲೀನ್ ಮಾಡುವವರನ್ನೂ ನೆನೆದಿದ್ದಾರೆ. ಬಿಳಿ ಪಕ್ಕದ ಹಲಗೆಗಳು ಸ್ಕ್ರೂ ಇಲ್ಲದೆ ಕಳಚುತ್ತವೆ, ಒಳಗೆ ಧೂಳು ಸೇರಲೆಂದೇ ಮಾಡಿದ ಎರಡು ತೂತುಗಳಿವೆ, ವ್ಯಾಕ್ಯೂಮ್ ಹಿಡಿದರೆ ಸಾಕು. ಅಷ್ಟು ಮಾಡಿದೆವು. ಎರಡು ಗಂಟೆ ಆಡಿಸಿ ನೋಡಿದೆವು, ಮತ್ತೆ ಆಫ್ ಆಯಿತು. ಸೇವ್ ಫೈಲ್ ತೆಗೆದಿಟ್ಟು, ಥರ್ಮಾಕೋಲ್ ಹಾಕಿ, ಸೋಮವಾರ ಬೆಳಿಗ್ಗೆ ಇಬ್ಬರೂ ಹೋಗಿ ಕೊರಿಯರ್ ಮಾಡಿ ಬಂದೆವು. ಒಳಗೊಂದು ಚೀಟಿ ಇಟ್ಟಿದ್ದೇನೆ, ಬಿಚ್ಚಿದಾಗ ಒಂದು ಫೋಟೋ ತೆಗೆದು ಕಳಿಸಿ ಎಂದು.