ಚಿತ್ರದುರ್ಗದ ಹಳೆ ಬೊಲೆರೊ ಮಲೆನಾಡಿನ ಮಳೆಯಲ್ಲಿ: ಹಲವು ವರ್ಷ ಓಡಿಸಿದ ಮೇಲೆ

ಮಲೆನಾಡಿನಲ್ಲಿ ಹಳೆ ಗಾಡಿ ಹುಡುಕುವವರು "ಎಷ್ಟು ಕಿಲೋಮೀಟರ್ ಓಡಿದೆ?" ಅಂತ ಕೇಳುವ ಮೊದಲು "ಇಷ್ಟು ದಿನ ಯಾವ ಊರಲ್ಲಿತ್ತು?" ಅಂತ ಕೇಳಬೇಕು. ನನ್ನ ಹತ್ತಿರ ಇರೋದು 2013ರ ಬೊಲೆರೊ, 2523 ಸಿಸಿ ಡೀಸೆಲ್, ಕೆಎ 16, ಅಂದರೆ ಚಿತ್ರದುರ್ಗದ ನೋಂದಣಿ. ಅಲ್ಲಿಯ ಶೇಂಗಾ ವ್ಯಾಪಾರಿಯೊಬ್ಬರ ಮನೆಯಿಂದ ತಂದದ್ದು. ನಮ್ಮದು ತೀರ್ಥಹಳ್ಳಿ ಮತ್ತು ಹೊಸನಗರದ ನಡುವೆ ತೋಟದ ಮನೆ. ಅಡಿಕೆ ಮೂಟೆ ಶಿವಮೊಗ್ಗಕ್ಕೆ ಸಾಗಿಸಬೇಕು, ಗೊಬ್ಬರ ತರಬೇಕು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮದುವೆ ಮುಂಜಿಗೆ ಮನೆಮಂದಿಯೆಲ್ಲ ಹೋಗಬೇಕು. ಇಷ್ಟೂ ಕೆಲಸಕ್ಕೆ ಇದೊಂದೇ ಗಾಡಿ. ಇಂಥ ಗಾಡಿಗೆ ದುಡ್ಡು ಹಾಕಬಹುದೇ ಅಂತ ನೆಂಟರು, ಅಕ್ಕಪಕ್ಕದವರು ಕೇಳ್ತಾನೇ ಇರ್ತಾರೆ. ಹಾಕಬಹುದು. ಆದರೆ ಅಡಿಭಾಗ ಗಟ್ಟಿಯಿದ್ದರೆ ಮಾತ್ರ.

ಇಂಜಿನ್ ಹೋದರೆ ಬಿಚ್ಚಿ ಕಟ್ಟಬಹುದು, ಗೇರ್ ಬಾಕ್ಸ್ ಹೋದರೆ ಇನ್ನೊಂದು ಹುಡುಕಬಹುದು. ಬೊಲೆರೊ ಥರದ ಗಾಡಿ ಪೂರ್ತಿ ನಿಂತಿರೋದು ಅಡಿಯಲ್ಲಿ ಉದ್ದಕ್ಕೂ ಇರುವ ಕಬ್ಬಿಣದ ಚೌಕಟ್ಟಿನ ಮೇಲೆ, ಅಂದರೆ ಚಾಸಿಯ ಮೇಲೆ. ಅದನ್ನು ತುಕ್ಕು ತಿಂದುಹಾಕಿದರೆ ಮಾಡುವಂಥದ್ದು ಏನೂ ಉಳಿಯೋದಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿಯ ಹೊಟ್ಟೆ ಒಣಗೋದೇ ಇಲ್ಲ. ಕೆಂಪು ಮಣ್ಣು ಚಾಸಿಯ ಸಂದಿಯಲ್ಲಿ ಕೂತು ತಿಂಗಳುಗಟ್ಟಲೆ ನೀರು ಹಿಡಿದುಕೊಂಡಿರುತ್ತದೆ. ವೈಪರ್ ಕೆಳಗಿನ ತೂತುಗಳಿಗೆ ದರಗು (ಒಣಗಿದ ಎಲೆ) ತುಂಬಿ ನೀರು ಹೋಗಲು ದಾರಿಯಿಲ್ಲದೆ ಒಳಗಿನ ನೆಲಕ್ಕೆ ಇಳಿಯುತ್ತದೆ. ಘಟ್ಟದ ಕೆಳಗಿನ ಗಾಡಿಗಳಿಗೆ ಮಳೆಯ ಜೊತೆ ಕಡಲ ಉಪ್ಪುಗಾಳಿಯೂ ಸೇರುತ್ತದೆ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಗಾಡಿಗಳಿಗೆ ಧೂಳಿನ ಕಾಟ ಇರುತ್ತದೆ ನಿಜ. ಏರ್ ಫಿಲ್ಟರ್ ಅಲಕ್ಷ್ಯ ಮಾಡಿದ್ದರೆ ಇಂಜಿನ್ ಸವೆದಿರುತ್ತದೆ, ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರುತ್ತದೆ. ಅವೆಲ್ಲ ಕಣ್ಣಿಗೆ ಕಾಣುವ, ಸರಿಮಾಡಿಸಬಹುದಾದ ದೋಷಗಳು.

ಮಲೆನಾಡಿನ ಗಾಡಿಗೆ ಇನ್ನೂ ಒಂದು ಶತ್ರು ಇದೆ, ಹೊರಗಿನವರಿಗೆ ಹೊಳೆಯದ್ದು: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಇಲ್ಲಿ ಸಿಗೋದು ಕಷ್ಟ. ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ನೋಡಲು ದ್ರಾವಣಕ್ಕೆ ಹೊಳೆಯುವ ಕತ್ತಿ ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಆ ಕೆಂಪು ಅಂದರೆ ತಾಮ್ರ. ತಾಮ್ರ ಬಂದು ಕೂರುವಾಗ ಕಬ್ಬಿಣ ಕರಗಿ ಹೋಗಿರುತ್ತದೆ. ಕತ್ತಿಗೆ ಆಗುವುದೇ ಗಾಡಿಯ ನೆಲಕ್ಕೂ ಆಗುತ್ತದೆ. ತುತ್ತದ ಚೀಲ ಹರಿದು ಪುಡಿ ಚೆಲ್ಲಿದ್ದರೆ, ತುತ್ತದ ನೀರು ಮ್ಯಾಟ್ ಕೆಳಗೆ ಇಳಿದಿದ್ದರೆ, ಮೂರ್ನಾಲ್ಕು ಮಳೆಗಾಲದಲ್ಲಿ ತಗಡು ತೂತು ಬೀಳುತ್ತದೆ. ಹಾಗಾಗಿ ತೋಟದ ಮನೆಯ ಗಾಡಿ ನೋಡುವಾಗ ಹಿಂದಿನ ಮ್ಯಾಟ್ ಪೂರ್ತಿ ಎತ್ತಿಸಿ. ಮೂಲೆಯಲ್ಲಿ ನೀಲಿ ಹಸಿರು ಕಲೆ ಕಂಡರೆ ಅಲ್ಲಿ ಬೆರಳಿಟ್ಟು ಒತ್ತಿ ನೋಡಿ. ಮಾಲೀಕರು "ಎತ್ತೋದು ಬೇಡ, ಅಂಟಿಸಿದೆ" ಅಂದರೆ ನಮಸ್ಕಾರ ಹೇಳಿ ಹೊರಡಿ.

ಗಾಡಿ ಹುಡುಕುವಾಗ ನನ್ನ ಜೊತೆ ಬಂದವರು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಒಬ್ಬ ಹಿರಿಯ ಮೆಕ್ಯಾನಿಕ್. ಅವರ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿದ್ದೆ. ಈ ಗಾಡಿಯ ವಿಚಾರದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ದುಡ್ಡು ಅದು. ಮೊದಲು ನೋಡಿದ್ದು ನಮ್ಮದೇ ತಾಲ್ಲೂಕಿನ ಗಾಡಿ, ಬಿಳಿ ಬಣ್ಣ, ಕನ್ನಡಿಯಂಥ ಪಾಲಿಶ್. ಅವರು ಬಾನೆಟ್ ಕೂಡ ಎತ್ತಲಿಲ್ಲ. ಗೋಣಿಚೀಲ ಹಾಸಿಕೊಂಡು ಹಿಂದಿನ ಚಕ್ರದ ಹತ್ತಿರ ಮಲಗಿ ಕರೆದರು: "ಗೌಡ್ರೆ, ಬಣ್ಣ ಆಮೇಲೆ ನೋಡಿ, ಇಲ್ಲಿ ಬಗ್ಗಿ." ಕೆಳಗೆಲ್ಲ ಹೊಸ ಕರಿ ಪೇಂಟ್. ಹಿಂದಿನ ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವ ಕೊಂಡಿಯ ಪಕ್ಕ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ದಬ್ ಅಂತು. ಅಲ್ಲಿ ಮೊನೆ ಇಟ್ಟು ಒತ್ತಿದರೆ ಕರಿ ಪೇಂಟ್ ಸಿಪ್ಪೆಯಾಗಿ ಎದ್ದು, ಒಳಗಿನಿಂದ ಕಂದು ಪುಡಿ ಉದುರಿ, ಸ್ಕ್ರೂಡ್ರೈವರ್ ಅರ್ಧ ಒಳಗೆ ಹೋಯಿತು. ಮೂಟೆ ಹೇರಿದಾಗ ಪೂರ್ತಿ ಭಾರ ಬೀಳೋದು ಆ ಜಾಗದ ಮೇಲೆ. ಮಾಲೀಕರು ಅಲ್ಲೇ ಇಪ್ಪತ್ತು ಸಾವಿರ ಕಡಿಮೆ ಮಾಡುತ್ತೇನೆ ಅಂದರು. ಎಷ್ಟು ಕಡಿಮೆ ಮಾಡಿದರೂ ಅಂಥ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿಯುವ ಧೈರ್ಯ ನನಗಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿಗಳ ಬಗ್ಗೆಯೂ ಎಚ್ಚರ ಇರಲಿ. 2018ರಲ್ಲಿ ಕೊಡಗು, ಕೇರಳ, 2019ರ ಆಗಸ್ಟ್‌ನಲ್ಲಿ ನಮ್ಮ ಶಿವಮೊಗ್ಗದ ತಗ್ಗಿನ ಬಡಾವಣೆಗಳೇ ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿ, ಫ್ಯೂಸ್ ಡಬ್ಬಿಯ ಹಿಂಭಾಗ, ಇವನ್ನು ತೊಳೆಯುವ ತಾಳ್ಮೆ ಮಾರುವವರಿಗೆ ಇರೋದಿಲ್ಲ.

ಇಂಜಿನ್ ನೋಡುವಾಗ ಒಂದೇ ಷರತ್ತು: ನಾವು ಹೋಗುವ ತನಕ ಗಾಡಿ ಸ್ಟಾರ್ಟ್ ಮಾಡಿರಬಾರದು. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಇಂಜಿನ್ ಎಲ್ಲ ರೋಗ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊಗೆ ಬಂದು ನಿಲ್ಲುವುದು ಹಳೆ ಡೀಸೆಲ್‌ಗೆ ಸಹಜ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದು ನೋಡಿ. ರಭಸದಿಂದ ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿದೆ. ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಜಿಡ್ಡಿದ್ದರೆ ಆಯಿಲ್‌ಗೆ ನೀರು ಸೇರಿದೆ. ಕ್ಲಚ್ ನೋಡಲು ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡಬೇಕು. ಇಂಜಿನ್ ಆಫ್ ಆದರೆ ಕ್ಲಚ್ ಚೆನ್ನಾಗಿದೆ, ಆಫ್ ಆಗದೆ ಗುರ್ ಅನ್ನುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಟೈರ್ ಮೇಲಿನ ನಾಲ್ಕಂಕಿ ಓದಲು ಕಲಿಯಿರಿ: 2319 ಅಂದರೆ 2019ರ 23ನೇ ವಾರ. ಹಳ್ಳ ಆಳ ಇದ್ದ ಮಾತ್ರಕ್ಕೆ ಟೈರ್ ಹೊಸದಲ್ಲ.

ಮೀಟರ್‌ನಲ್ಲಿ ತೋರಿಸುವ ಕಿಲೋಮೀಟರನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿ, ಸ್ಟೀರಿಂಗ್ ಹೊಳೆಯುತ್ತಿದ್ದು, ಮೀಟರ್ ಮಾತ್ರ ನಲವತ್ತು ಸಾವಿರ ತೋರಿಸಿದರೆ ಯಾವುದನ್ನು ನಂಬಬೇಕು ಅನ್ನೋದು ಯಾರಿಗಾದರೂ ಗೊತ್ತಾಗುತ್ತದೆ. ಅದೂ ಅಲ್ಲದೆ ಬಯಲಿನಲ್ಲಿ ಟಾಪ್ ಗೇರ್‌ನಲ್ಲಿ ಓಡಿದ ಲಕ್ಷ ಕಿಲೋಮೀಟರ್ ಬೇರೆ, ಆಗುಂಬೆ ತಿರುವುಗಳಲ್ಲಿ ಸೆಕೆಂಡ್ ಗೇರ್‌ನಲ್ಲಿ ಒದ್ದಾಡಿದ ಐವತ್ತು ಸಾವಿರ ಬೇರೆ.

ಕಾಗದಪತ್ರದಲ್ಲಿ ಸಲುಗೆ ಬೇಡ, ಮಾರುವವರು ನೆಂಟರೇ ಆಗಿದ್ದರೂ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆ, ನೋಂದಣಿಯ ಅವಧಿ, ಬಾಕಿ ದಂಡ ನೋಡಿ. ಚಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ಹೋಲಿಸಿ. ಗಾಡಿ ಹೆಸರಿಗೆ ಮಾಡಿಸಿಕೊಳ್ಳಲು ಬೇಕಾದ ಫಾರಂ 29, ಫಾರಂ 30ಕ್ಕೆ ಮಾರುವವರ ಸಹಿ ಆಗದೆ ಪೂರ್ತಿ ಹಣ ಕೊಡಬೇಡಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಬೇಕು; ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದು ಬಹಳ. ಒಂದೇ ರಾಜ್ಯದ ಒಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೂ 14 ದಿನ. ಮಾರುವವರಿಗೂ ಇದರಲ್ಲಿ ಹಿತವಿದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಅದನ್ನು ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೋ ನೋಡಿ. ಹೊರರಾಜ್ಯದ ಗಾಡಿ ಅಗ್ಗ ಅನ್ನಿಸಿದರೂ ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟುವಾಗ ಆ ಅಗ್ಗ ಕರಗಿಹೋಗುತ್ತದೆ.

ಇನ್ನು ಓಡಿಸಿದ ಅನುಭವ. ಏರಿನಲ್ಲಿ ಈ ಇಂಜಿನ್ ನನಗೆ ತುಂಬಾ ಇಷ್ಟ. ಅರವತ್ತಮೂರು ಕುದುರೆಶಕ್ತಿ ಕಾಗದದ ಮೇಲೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಕಡಿಮೆ ವೇಗದಲ್ಲೇ ಎಳೆತ ಸಿಗುವುದರಿಂದ ಮೂಟೆ ತುಂಬಿಕೊಂಡು ತೋಟದ ದರೆ ಹತ್ತುವಾಗ ಉಸಿರು ಕಟ್ಟುವುದಿಲ್ಲ. ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಹಾಕಿ ಬಿಟ್ಟರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಮೈಲೇಜ್ ನಮ್ಮ ರಸ್ತೆಗಳಲ್ಲಿ ಲೀಟರಿಗೆ ಹನ್ನೊಂದು ಹನ್ನೆರಡು, ಮಂಡಗದ್ದೆ ಸಕ್ರೆಬೈಲು ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗಿ ಬಂದರೆ ಇನ್ನೊಂದು ಹೆಚ್ಚು.

ಕಷ್ಟದ ಸಂಗತಿ ಅಂದರೆ ಖಾಲಿ ಗಾಡಿಯ ಹಿಂಭಾಗ ಮಳೆಯಲ್ಲಿ ಜಾರುವುದು. ನನ್ನದು ಫೋರ್ ವೀಲ್ ಅಲ್ಲ, ಎಳೆಯುವುದು ಹಿಂದಿನ ಚಕ್ರ ಮಾತ್ರ. ಪಾಚಿ ಕಟ್ಟಿದ ಜಂಬಿಟ್ಟಿಗೆ ಏರಿನಲ್ಲಿ ಹಿಂದೆ ಭಾರ ಇಲ್ಲದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಆರಿದ್ರಾ ಮಳೆ ಹಿಡಿದಾಗಿನಿಂದ ಮಘೆ ಮುಗಿಯುವ ತನಕ ಎರಡು ಚೀಲ ಮರಳನ್ನು ಹಿಂದಿನ ಚಕ್ರದ ಮೇಲಕ್ಕೆ ಬರುವಂತೆ ಇಟ್ಟು, ಜಾರದ ಹಾಗೆ ಹಗ್ಗ ಬಿಗಿದುಕೊಳ್ಳುತ್ತೇನೆ. ಅದೇ ಭಾರದಿಂದ ಹಿಂದಿನ ಸೀಟಿನ ಕುಲುಕಾಟವೂ ತಗ್ಗುತ್ತದೆ. ಹಿಂದಿರುವುದು ಭಾರ ಹೊರಲು ಮಾಡಿದ ಪಟ್ಟಿ ಸ್ಪ್ರಿಂಗ್, ಒಬ್ಬಿಬ್ಬರೇ ಕೂತಾಗ ಸೊಂಟಕ್ಕೆ ಹಿತವಾಗಿರುವುದಿಲ್ಲ. ಮಂಡಿನೋವಿರುವ ಅಮ್ಮನಿಗೆ ಹತ್ತಲು ಎತ್ತರವಾಗುತ್ತಿತ್ತು, ಪಕ್ಕಕ್ಕೆ ಅಗಲದ ಮೆಟ್ಟಿಲು ಕೂರಿಸಿದ ಮೇಲೆ ಸರಿಹೋಯಿತು. ಹಿಂದೆ ಎದುರುಬದುರು ಕೂರುವ ಸೀಟಿನಲ್ಲಿ ಮಕ್ಕಳನ್ನು ದೂರ ಪ್ರಯಾಣಕ್ಕೆ ಕೂರಿಸುವುದಿಲ್ಲ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಎಲ್ಲ ಹೊಸ ಕಾರುಗಳಿಗೆ ಇವೆರಡೂ ಕಡ್ಡಾಯ ಆದದ್ದು 2019ರಲ್ಲಿ. ಹೆದ್ದಾರಿಯಲ್ಲಿ ವೇಗವಾಗಿ ಓಡಾಡುವ ಮನೆಯವರು ಇನ್ನೂ ಸ್ವಲ್ಪ ಹಣ ಸೇರಿಸಿ 2019ರ ನಂತರದ ಯಾವುದಾದರೂ ಗಾಡಿ ನೋಡುವುದು ಒಳ್ಳೆಯದು. ನಾವು ನಲವತ್ತು ಐವತ್ತರ ವೇಗ ದಾಟುವುದು ಅಪರೂಪ, ಆದರೂ ಈ ಕೊರತೆ ನನ್ನ ಮನಸ್ಸಿನಲ್ಲಿ ಇದ್ದೇ ಇದೆ.

ಖರ್ಚಿನ ವಿಷಯಕ್ಕೆ ಬಂದರೆ, ತಂದ ವರ್ಷವೇ ಕ್ಲಚ್ ಪ್ಲೇಟ್, ಎಲ್ಲ ಆಯಿಲ್, ಫಿಲ್ಟರ್, ಬೆಲ್ಟ್, ಬ್ಯಾಟರಿ, ನಾಲ್ಕೂ ಟೈರ್ ಬದಲಾಯಿಸಿದೆ. ಇದಕ್ಕೆ ಅಂತಲೇ ಕೊಳ್ಳುವ ಬೆಲೆಯ ಐದರಲ್ಲಿ ಒಂದು ಪಾಲು ತೆಗೆದಿಟ್ಟುಕೊಂಡಿದ್ದೆ, ಬಹುಪಾಲು ಖರ್ಚಾಯಿತು. ಕೊಟ್ಟ ಬೆಲೆಯೇ ಪೂರ್ತಿ ಬೆಲೆ ಅಂದುಕೊಂಡು ಹಳೆ ಗಾಡಿಗೆ ಕೈಹಾಕಬಾರದು. ಆಮೇಲಿನ ವರ್ಷಗಳಲ್ಲಿ ಬಂದದ್ದು ಸವೆದುಹೋಗುವ ಸಾಮಾನುಗಳ ಖರ್ಚು: ಬ್ರೇಕ್ ಪ್ಯಾಡ್, ಬುಷ್, ಒಂದು ವಾಟರ್ ಪಂಪ್. ಒಮ್ಮೆ ಇಲಿ ವೈರ್ ಕಡಿದು ಹೆಡ್‌ಲೈಟ್ ಹೋಗಿತ್ತು. ಸಾಮಾನು ತೀರ್ಥಹಳ್ಳಿಯಲ್ಲೇ ಸಿಗುತ್ತದೆ, ಕಂಪ್ಯೂಟರ್ ಹಾಕಿ ನೋಡಬೇಕಾದ ದೋಷಕ್ಕೆ ಮಾತ್ರ ಶಿವಮೊಗ್ಗಕ್ಕೆ ಹೋಗಬೇಕು. ಕೆಟ್ಟು ನಿಂತರೆ ಊರಿನ ಯಾವ ಗ್ಯಾರೇಜಿನವರಾದರೂ ಕೈಹಾಕುತ್ತಾರೆ ಅನ್ನುವ ಧೈರ್ಯ ಮಲೆನಾಡಿನಲ್ಲಿ ಸಣ್ಣದಲ್ಲ.

ಮಳೆಗಾಲ ಮುಗಿದ ಕೂಡಲೇ ಮಾಡುವ ಒಂದು ಕೆಲಸ ತಪ್ಪಿಸುವುದಿಲ್ಲ. ಗಾಡಿಯನ್ನು ಸರ್ವಿಸ್ ಸ್ಟೇಷನ್‌ನಲ್ಲಿ ಎತ್ತಿಸಿ, ಕೆಳಗಿನಿಂದ ಜೋರಾಗಿ ನೀರು ಹೊಡೆಸಿ ಚಾಸಿಯ ಸಂದಿಯ ಮಣ್ಣೆಲ್ಲ ತೆಗೆಸುತ್ತೇನೆ. ಎರಡು ದಿನ ಬಿಸಿಲಿಗೆ ನಿಲ್ಲಿಸಿ ಒಣಗಿದ ಮೇಲೆ ತುಕ್ಕು ಕಂಡಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿಯುವುದು. ಬಾಗಿಲಿನ ಅಡಿಯ ತೂತುಗಳಿಗೆ ತಂತಿ ಹಾಕಿ ಕಸ ತೆಗೆಯುವುದು. ತುತ್ತದ ಚೀಲ ಗಾಡಿಯೊಳಗೆ ಬರುವುದಾದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟೇ ಬರಬೇಕು ಅಂತ ಆಳುಗಳಿಗೂ ಹೇಳಿದ್ದೇನೆ. ಹೋದ ದೀಪಾವಳಿ ಹೊತ್ತಿಗೆ ಅದೇ ಮೆಕ್ಯಾನಿಕ್ ಸ್ಪ್ರಿಂಗ್ ಕೊಂಡಿಯ ಹತ್ತಿರ ಮತ್ತೆ ತಟ್ಟಿ ನೋಡಿದರು, ಸದ್ದು ಗಟ್ಟಿಯಾಗೇ ಇತ್ತು.

ಇದರ ನೋಂದಣಿ 2028ಕ್ಕೆ 15 ವರ್ಷ ಮುಗಿಯುತ್ತದೆ. ಆಮೇಲೆ ಗಾಡಿ ತಪಾಸಣೆಗೆ ಒಯ್ದು ಐದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಕಾರಿಗೆ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ನೀವು ನೋಡುತ್ತಿರುವ ಗಾಡಿಗೆ ಹದಿಮೂರು ಹದಿನಾಲ್ಕು ವರ್ಷ ಆಗಿದ್ದರೆ ಈ ಖರ್ಚನ್ನು, ತಪಾಸಣೆಗೆ ಮೊದಲಿನ ಪೇಂಟು, ವೆಲ್ಡಿಂಗ್ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ. ನಾನು ನನ್ನದನ್ನು ನವೀಕರಿಸಿ ಇಟ್ಟುಕೊಳ್ಳುವವನೇ.