ಗಡ್ಡದ ಓತಿಗೆ ಶಹಾಬಾದ್ ಪರ್ಸಿ: ಪುಣೆಯಲ್ಲಿ ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಆನ್‌ಲೈನಿನಲ್ಲಿ ಪ್ಯಾಕೆಟ್ ಕಟ್ಟಿ ಮಾರುವ ವಸ್ತುವಿನ ವಿಮರ್ಶೆ ಅಲ್ಲ. ಬಚ್ಚಲಿಗೂ ಅಂಗಳಕ್ಕೂ ಹಾಸುತ್ತೇವಲ್ಲ, ಆ ಶಹಾಬಾದ್ ಪರ್ಸಿ ಕಲ್ಲಿನದ್ದು. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಗಡ್ಡದ ಓತಿ, ಅದರ ಮೇಲೆಯೇ ಮೈ ಕಾಯಿಸುತ್ತಿದ್ದಾಳೆ. ಹೆಸರು ಗುಂಡಮ್ಮ. ತಂದಾಗ ಗುಂಡ ಅಂತಲೇ ಇಟ್ಟಿದ್ದೆವು, ಹೆಣ್ಣು ಅಂತ ಆಮೇಲೆ ಗೊತ್ತಾಯಿತು. ಆ ಕಥೆ ಮುಂದೆ ಬರುತ್ತದೆ, ಯಾಕೆಂದರೆ ಈ ಕಲ್ಲಿನ ದೊಡ್ಡ ಕೊರತೆ ತಿಳಿದದ್ದೂ ಆಗಲೇ.

ಕಲಬುರಗಿಯಿಂದ ಬಂದ ಅವ್ವ ಇದನ್ನು ಮೊದಲ ಸಲ ನೋಡಿ, "ಬೇಲಿ ಮ್ಯಾಲಿನ ಓತಿಕ್ಯಾತಕ್ಕ ಇಷ್ಟು ರೊಕ್ಕ ಕೊಟ್ಟೀಯೇನೋ?" ಅಂದಳು. ಅವ್ವನ ಮಾತು ಪೂರ್ತಿ ತಪ್ಪೇನಲ್ಲ. ನಮ್ಮ ಓತಿಕ್ಯಾತ, ಆಸ್ಟ್ರೇಲಿಯಾದ ಈ ಗಡ್ಡದ ಓತಿ ಎರಡೂ ಒಂದೇ ಕುಟುಂಬದವು. ತಲೆ ಆಡಿಸುವ ರೀತಿ ನೋಡಿದರೆ ಸಾಕು.

ಕಲ್ಲಿಗೆ ಬರುವ ಮೊದಲು ಒಂದು ವರ್ಷದಲ್ಲಿ ಅವಳ ಪೆಟ್ಟಿಗೆಯ ನೆಲಕ್ಕೆ ನಾಲ್ಕು ಬಗೆ ಹಾಸಿ ನೋಡಿದೆ. ಮರಿ ಇದ್ದಾಗ ರದ್ದಿ ಪೇಪರ್. ಅದು ಚೆನ್ನಾಗಿಯೇ ಇತ್ತು. ಹೊಸದಾಗಿ ತಂದ ಮರಿಗೆ ಈಗಲೂ ನಾನು ಅದನ್ನೇ ಹೇಳುತ್ತೇನೆ, ಹಿಕ್ಕೆ ಹೇಗಿದೆ ಅಂತ ಸರಿಯಾಗಿ ಕಾಣುತ್ತದೆ. ಆದರೆ ತಿನ್ನಲು ಬಿಟ್ಟ ಮಿಡತೆಗಳೆಲ್ಲ ಪೇಪರಿನ ಅಡಿಗೆ ಸೇರಿಕೊಳ್ಳುತ್ತಿದ್ದವು. ಹಸಿರು ಕಾರ್ಪೆಟ್ಟಿನಲ್ಲಿ ಉಗುರು ಸಿಕ್ಕಿಹಾಕಿಕೊಳ್ಳುತ್ತಿತ್ತು, ಮಳೆಗಾಲದಲ್ಲಿ ತೊಳೆದರೆ ಮೂರು ದಿನ ಒಣಗುತ್ತಿರಲಿಲ್ಲ. ತೆಂಗಿನ ನಾರಿನ ಪುಡಿ ಹಾಕಿದ್ದು ಜೂನ್‌ನಲ್ಲಿ. ಪುಣೆಯ ಮಳೆಗಾಲಕ್ಕೆ ಅದು ಬೇಡವೇ ಬೇಡ. ಈ ಪ್ರಾಣಿಗೆ 30ರಿಂದ 40 ಪರ್ಸೆಂಟ್ ತೇವಾಂಶ ಸಾಕು. ನಮ್ಮ ಹಾಲ್‌ನ ಗಾಳಿಯಲ್ಲೇ ಅದರ ಎರಡರಷ್ಟು ಇರುವಾಗ, ನೀರು ಹೀರಿಕೊಳ್ಳುವ ವಸ್ತುವನ್ನು ತಂದು ಹಾಸಿದ್ದೆ. ಎರಡು ವಾರಕ್ಕೆ ಬೂಸಲು ವಾಸನೆ.

ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಲ್ಸಿಯಂ ಮರಳು. ತಿಂದರೂ ಹೊಟ್ಟೆಯಲ್ಲಿ ಕರಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿತ್ತು, ಅಂಗಡಿಯವರೂ ಅದನ್ನೇ ಹೇಳಿದರು. ಈ ಪ್ರಾಣಿಯೋ, ಹೊಸದು ಏನು ಕಂಡರೂ ನಾಲಿಗೆ ಹಚ್ಚಿಯೇ ಪರೀಕ್ಷೆ ಮಾಡುವುದು. ಹತ್ತು ದಿನ ಹಿಕ್ಕೆ ಇಲ್ಲ, ಊಟ ಇಲ್ಲ. ಎಕ್ಸ್‌ರೇಯಲ್ಲಿ ಕರುಳಿನ ತುಂಬ ಬಿಳಿ ಗಟ್ಟಿ. ಡಾಕ್ಟರು ಒಂದು ಮಾತು ಹೇಳಿದರು, ಅದು ನನಗೆ ಈಗಲೂ ನೆನಪಿದೆ: "ಬರೀ ಮರಳನ್ನ ಬೈಬೇಡಿ, ನಿಮ್ಮ ಬಲ್ಬ್ ಎಷ್ಟು ಬಿಸಿ ಕೊಡ್ತಿದೆ ನೋಡಿದ್ದೀರಾ?" ನೋಡಿರಲಿಲ್ಲ. ಅಳೆದರೆ ಬಲ್ಬಿನ ಕೆಳಗೆ 31 ಡಿಗ್ರಿ. ಬೇಕಾದದ್ದು 40ರ ಆಸುಪಾಸು. ಮೈ ಬಿಸಿಯಾಗದಿದ್ದರೆ ಇವಕ್ಕೆ ತಿಂದದ್ದು ಅರಗುವುದಿಲ್ಲ, ಮರಳು ಮುಂದಕ್ಕೆ ಹೋಗುವುದಂತೂ ದೂರದ ಮಾತು. ದಿನಾ ಬೆಚ್ಚಗಿನ ನೀರಿನ ಸ್ನಾನ, ಬಿಸಿ ಹೆಚ್ಚಿಸಿದ್ದು, ಔಷಧಿ ಎಲ್ಲ ಸೇರಿ ಎರಡು ವಾರದಲ್ಲಿ ಸರಿಹೋಯಿತು.

ಮರುಭೂಮಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ರಾಜಸ್ಥಾನದ ಮರಳಗುಡ್ಡ, ಅಲ್ವಾ? ಇವುಗಳ ಊರು ಹೆಚ್ಚಾಗಿ ಹಾಗಿಲ್ಲ. ಆಸ್ಟ್ರೇಲಿಯಾದ ಒಳನಾಡಿನ ಗಟ್ಟಿ ನೆಲ, ಕೆಂಪು ಮಣ್ಣು, ಕಲ್ಲು, ಒಣಗಿದ ಮರದ ಕೊಂಬೆ. ನಮ್ಮ ಕಡೆಯ ಬೇಸಿಗೆ ಹೊಲ ನೆನಪಿಸಿಕೊಳ್ಳಿ, ಸುಮಾರಾಗಿ ಹಾಗೇ.

ಹೀಗೆ ಗಟ್ಟಿ ನೆಲ ಹುಡುಕುತ್ತಾ ಟೈಲ್ಸ್ ಅಂಗಡಿಗೆ ಹೋದೆ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಒರಟಿನದ್ದಕ್ಕೆ ಬೆಲೆ ಜಾಸ್ತಿ. ಹೊರಗೆ ಗೋಡೆಗೆ ಒರಗಿಸಿದ್ದ ಕಲ್ಲಿನ ಮೇಲೆ ಕಣ್ಣು ಬಿತ್ತು. ಪುಣೆಯವರು ಶಹಾಬಾದಿ ಫರಶಿ ಅನ್ನುತ್ತಾರೆ, ಹಳೇ ವಾಡೆಗಳಲ್ಲೆಲ್ಲ ಇದೇ. ನಮ್ಮ ಜಿಲ್ಲೆಯ ಕಲ್ಲು! ಕತ್ತರಿಸುವವರ ಜೊತೆ ಮರಾಠಿಯಲ್ಲಿ ಅಳತೆ ಹೇಳುತ್ತಿದ್ದೆ. ಅವರು ಪಕ್ಕದ ಹುಡುಗನಿಗೆ ಕನ್ನಡದಲ್ಲಿ ಏನೋ ಕೂಗಿದರು. "ಯಾವೂರ್ರೀ?" ಅಂದೆ. "ಚಿತ್ತಾಪುರ ಕಡೆರೀ. ಇದು ಬಚ್ಚಲಕ್ಕೇನ್ರಿ ಸರ?" "ಅಲ್ರೀ, ಓತಿಕ್ಯಾತಕ್ಕ." ಅವರು ಮೆಷಿನ್ ಬಂದ್ ಮಾಡಿ ನನ್ನನ್ನೊಮ್ಮೆ ನೋಡಿದರು. ಫೋಟೋ ತೋರಿಸಿದ ಮೇಲೆ ಕತ್ತರಿಸುವ ಕೂಲಿ ತಗೊಳ್ಳಲಿಲ್ಲ.

ನಮ್ಮದು 4 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ಪೆಟ್ಟಿಗೆ. ಒಂದೇ ಚಪ್ಪಡಿ ಬೇಡ, ಅಡಿ ಚದರದ ಎಂಟು ತುಂಡು ಮಾಡಿಸಿ. ಒಂದಿಂಚು ದಪ್ಪದ ಒಂದು ತುಂಡೇ 6 ಕೆಜಿ, ಒಟ್ಟು ಹತ್ತಿರ ಹತ್ತಿರ 50 ಕೆಜಿ. ನಾನು ಇದನ್ನು ಲೆಕ್ಕ ಹಾಕದೆ ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಟ್ಟು, ಅದು ನಡುವೆ ಬಾಗಿ, ಕೊನೆಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕಾಯಿತು. ಗಾಜಿನ ತೊಟ್ಟಿ ಇದ್ದವರು ಇನ್ನೂ ಯೋಚಿಸಿ.

ಬಿಸಿಯ ವಿಷಯಕ್ಕೆ ಬಂದರೆ ಇದಕ್ಕೆ ಸಾಟಿಯಿಲ್ಲ. ಬಲ್ಬ್ ಹಾಕಿ ಮುಕ್ಕಾಲು ಗಂಟೆಗೆ ಕಲ್ಲಿನ ಮೈ 40 ದಾಟುತ್ತದೆ, ಆರಿಸಿದ ಮೇಲೂ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಕರೆಂಟ್ ಹೋದಾಗ ಗುಂಡಮ್ಮ ಆ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಚಪಾತಿಯ ಹಾಗೆ ಮಲಗಿಬಿಡುತ್ತಾಳೆ. ಒರಟು ಮೈಯಾದ್ದರಿಂದ ಉಗುರು ತಾನಾಗಿ ಸವೆಯುತ್ತದೆ. ಮೂರು ವರ್ಷದಲ್ಲಿ ಒಂದೇ ಸಲ ಕತ್ತರಿಸಿದ್ದೇನೆ.

ಚಳಿಗಾಲದಲ್ಲಿ ಮಾತ್ರ ಇದೇ ಗುಣ ತಿರುಗಿಬೀಳುತ್ತದೆ. ಡಿಸೆಂಬರಿನ ಒಂದು ಬೆಳಗ್ಗೆ ಕಲ್ಲು 16 ಡಿಗ್ರಿ ಇತ್ತು. ಪೆಟ್ಟಿಗೆಯ ಅಡಿಗೆ, ಹೊರಗಡೆಯಿಂದ, ಒಂದಿಂಚಿನ ಥರ್ಮೋಕೋಲ್ ಕೊಟ್ಟ ಮೇಲೆ ಮೂರು ಡಿಗ್ರಿ ಸುಧಾರಿಸಿತು. ಕರೆಂಟಿನಿಂದ ಕಾಯುವ ಕಲ್ಲು ಮಾತ್ರ ತರಬೇಡಿ, ಹೊಟ್ಟೆ ಸುಡುತ್ತದೆ.

ಇನ್ನೊಂದು ತಪ್ಪು ನಾನು ಮಾಡಿದ್ದು, ವಿನೆಗರ್ ಹಾಕಿ ಒರೆಸಿದ್ದು. ಶಹಾಬಾದ್ ಅಂದರೆ ಸುಣ್ಣದ ಕಲ್ಲು. ಬುಸ್ ಅಂತ ನೊರೆ ಬಂತು, ಬಿಳಿ ಕಲೆ ಉಳಿಯಿತು. ನಿಂಬೆಹಣ್ಣು, ಬಚ್ಚಲು ತೊಳೆಯುವ ಆಸಿಡ್ ಯಾವುದೂ ಬೇಡ. ಬಿಸಿನೀರು, ಸ್ವಲ್ಪ ಸೋಪು, ಬ್ರಶ್, ಆಮೇಲೆ ಗ್ಯಾಲರಿಯ ಬಿಸಿಲು. ಒಂದು ತುಂಡು ಹೊರಗೆ ಒಣಗುತ್ತಿದ್ದರೆ ಉಳಿದವು ಒಳಗೇ ಇರುತ್ತವೆ. ಕಲ್ಲು ಸ್ವಲ್ಪ ಹೀರುತ್ತದೆ, ಹಿಕ್ಕೆಯನ್ನು ಕೂಡಲೇ ತೆಗೆಯದಿದ್ದರೆ ಗುರುತು ಹೋಗುವುದಿಲ್ಲ. ಅಂಥ ಎರಡು ಗುರುತುಗಳ ಜೊತೆ ನಾವು ರಾಜಿಯಾಗಿದ್ದೇವೆ.

ಈಗ ಆ ದೊಡ್ಡ ಕೊರತೆ. ಕಲ್ಲು ಹಾಕಿ ಎಂಟು ತಿಂಗಳಾಗಿತ್ತು. ಗುಂಡ ಊಟ ಬಿಟ್ಟು, ಎರಡು ದಿನ ಹಗಲೆಲ್ಲ ಮೂಲೆಯ ಕಲ್ಲನ್ನು ಕೆರೆಯತೊಡಗಿದ. ನಾವು ಗಾಬರಿಯಾಗಿ ಫೋಟೋ ಕಳಿಸಿದರೆ ಡಾಕ್ಟರು ಹೇಳಿದರು, "ಅವನಲ್ಲ, ಅವಳು. ಮೊಟ್ಟೆ ಇಡೋಕೆ ಜಾಗ ಹುಡುಕ್ತಿದ್ದಾಳೆ." ಗಂಡಿನ ಸಹವಾಸ ಇಲ್ಲದೆಯೂ ಇವು ಮೊಟ್ಟೆ ಇಡುತ್ತವೆ, ಮರಿಯಾಗುವುದಿಲ್ಲ ಅಷ್ಟೇ. ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಅಪಾಯ. ಅದೇ ರಾತ್ರಿ ಅಕ್ಕಿ ಹಾಕುವ ಪ್ಲಾಸ್ಟಿಕ್ ಡಬ್ಬಿ ಖಾಲಿ ಮಾಡಿದೆವು. ಏಳು ಪಾಲು ಗೊಬ್ಬರ ಹಾಕದ ಮಣ್ಣು, ಮೂರು ಪಾಲು ತೊಳೆದ ಮರಳು, ಹತ್ತಿಂಚು ಆಳ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ಬಾಲ ಮಾತ್ರ ಹೊರಗೆ ಕಾಣುತ್ತಿತ್ತು. 19 ಮೊಟ್ಟೆ. ಇಟ್ಟು, ಮಣ್ಣು ಮುಚ್ಚಿ, ತಲೆಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದಳು.

ಆ ಡಬ್ಬಿ ಈಗ ಪೆಟ್ಟಿಗೆಯೊಳಗೆ ಒಂದು ಮೂಲೆಯಲ್ಲಿ ಕಾಯಂ ಆಗಿದೆ. ಅದಕ್ಕಾಗಿ ಎರಡು ಕಲ್ಲು ತೆಗೆದೆ. ಮೊಟ್ಟೆಯ ಕಾಲ ಅಲ್ಲದಾಗ ಮಣ್ಣು ಒಣಗಲು ಬಿಡುತ್ತೇನೆ. ಸುಮ್ನೆ ಬೇಜಾರಾದರೂ ಹೋಗಿ ನಾಲ್ಕು ಸಲ ಕೆರೆದು ಬರುತ್ತಾಳೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಭಾರಕ್ಕೆ. ಬಾಡಿಗೆ ಮನೆಯವರು, ಹನ್ನೊಂದು ತಿಂಗಳಿಗೊಮ್ಮೆ ಜಾಗ ಬದಲಿಸುವವರು ಮುಕ್ಕಾಲು ಇಂಚಿನದ್ದೇ ಕೇಳಿ. ಕೋಥರೂಡಿನಿಂದ ವಾಕಡ್‌ಗೆ ಮನೆ ಬದಲಿಸಿದ ದಿನ, ಲಿಫ್ಟ್ ಕೆಟ್ಟಿತ್ತು, ನಾಲ್ಕನೇ ಮಹಡಿ. ಸಾಮಾನು ಹೊತ್ತ ಹುಡುಗರು ಡಬ್ಬದಲ್ಲಿ ಏನಿದೆ ಅಂತ ಕೇಳಿದಾಗ ನಾನು ಪುಸ್ತಕ ಅಂದೆ.