ಬುಡಾಪೆಸ್ಟೋ ಬೆಲ್‌ಗ್ರೇಡೋ? ವಾಟರ್ ಪೋಲೊ ತಂಡದೊಂದಿಗೆ ಹೋಗುವವರಿಗೆ

ಕೊಳದಲ್ಲಿ ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ಆಟ ವಾಟರ್ ಪೋಲೊ. ಅದರ ತಂಡವನ್ನು ತರಬೇತಿಗೆಂದು ಹೊರದೇಶಕ್ಕೆ ಕರೆದೊಯ್ಯುವ ಯೋಚನೆ ಇದ್ದರೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿಗೆ ಹೋಗಿ. ಹಂಗರಿಯ ರಾಜಧಾನಿ ಬುಡಾಪೆಸ್ಟ್ ಚೆನ್ನಾಗಿಲ್ಲವೆಂದು ಹೀಗೆ ಹೇಳುತ್ತಿಲ್ಲ. ಬೆಂಗಳೂರಿನ ಹುಡುಗರ ತಂಡವೊಂದರ ವ್ಯವಸ್ಥಾಪಕನಾಗಿ ಎರಡೂ ಊರುಗಳ ಕೊಳದ ದಂಡೆಯಲ್ಲಿ ನಿಂತಿದ್ದೇನೆ. ಅದಕ್ಕೂ ಮೊದಲು ಸಿಂಗಪುರಕ್ಕೂ ಹೋಗಿಬಂದಿದ್ದೆವು. ಖರ್ಚು ಮಾಡಿದ ಹಣಕ್ಕೆ ಹುಡುಗರ ಆಟದಲ್ಲಿ ಎಷ್ಟು ಬದಲಾವಣೆ ಕಂಡಿತು ಎಂಬುದೊಂದೇ ನನ್ನ ಅಳತೆಗೋಲು.

ಸಿಂಗಪುರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಯಾಣ ಚಿಕ್ಕದು, ಊಟದ ಚಿಂತೆಯಿಲ್ಲ, ಕೊಳಗಳು ಅಚ್ಚುಕಟ್ಟು. ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ 1965ರಿಂದ 2017ರವರೆಗೆ ಪುರುಷರ ಚಿನ್ನವನ್ನು ಬಿಟ್ಟುಕೊಡದ ದೇಶ ಅದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮೊದಲ ಬಾರಿಗೆ ಹೊರಗೆ ಕರೆದೊಯ್ಯುವವರಿಗೆ ಅಷ್ಟು ಸಾಕು.

ಬುಡಾಪೆಸ್ಟಿನ ಮಾತೇ ಬೇರೆ. ಒಲಿಂಪಿಕ್ಸಿನಲ್ಲಿ ಹಂಗರಿಯ ಪುರುಷರು ಒಂಬತ್ತು ಚಿನ್ನ ಗೆದ್ದಿದ್ದಾರೆ. ಅವುಗಳಲ್ಲಿ 2000, 2004, 2008ರವು ಸತತ ಮೂರು. ಡ್ಯಾನ್ಯೂಬ್ ನದಿಯ ನಡುವಿನ ಮಾರ್ಗರೆಟ್ ದ್ವೀಪದಲ್ಲಿರುವ ಹಾಯೋಶ್ ಆಲ್ಫ್ರೇಡ್ ಈಜು ಕ್ರೀಡಾಂಗಣಕ್ಕೆ ಹುಡುಗರನ್ನು ಕರೆದುಕೊಂಡು ಹೋದೆ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಈಜಿ ಎರಡು ಚಿನ್ನ ಗೆದ್ದ ಹಾಯೋಶ್, ಮುಂದೆ ವಾಸ್ತುಶಿಲ್ಪಿಯಾಗಿ ತಾನೇ ವಿನ್ಯಾಸ ಮಾಡಿದ ಕಟ್ಟಡ ಅದು, 1930ರಲ್ಲಿ ತೆರೆಯಿತು. ಚಿಕ್ಕ ಚಿಕ್ಕ ಮಕ್ಕಳು ಚೆಂಡನ್ನು ಮುಂದಿಟ್ಟುಕೊಂಡು, ತಲೆ ನೀರಿನ ಮೇಲೆತ್ತಿ ಈಜುವುದನ್ನು ನಮ್ಮ ಹುಡುಗರು ಅಲ್ಲಿ ಬಾಯಿಬಿಟ್ಟು ನೋಡಿದರು.

ಆದರೆ ತರಬೇತಿ? ನಿಗದಿಯಾದ ಹೊತ್ತಿಗೆ ಕೊಳದ ಒಂದು ಭಾಗ ನಮ್ಮದು, ಗೊತ್ತುಮಾಡಿದ ತರಬೇತುದಾರ ನಮ್ಮವನು, ಅಭ್ಯಾಸವೆಲ್ಲ ನಮ್ಮ ನಮ್ಮೊಳಗೆ. ಚೆಂಡು ಹಿಡಿಯುವುದು, ಅದು ನೀರಿಗೆ ಬೀಳದಂತೆ ನೇರ ಕೈಯಿಂದ ಕೈಗೆ ದಾಟಿಸುವುದು, ಎಡಗೈ ಬಳಕೆ, ಎಲ್ಲವನ್ನೂ ಆತ ತುಂಬ ಶ್ರದ್ಧೆಯಿಂದ ಕಲಿಸಿದ. ಸ್ಥಳೀಯ ಹುಡುಗರೊಂದಿಗೆ ಪಂದ್ಯ ಮಾತ್ರ ಕೇಳಿ ಕೇಳಿ ಪಡೆಯಬೇಕಾಯಿತು. ಅಲ್ಲಿಗೆ ಅನೇಕ ದೇಶಗಳ ತಂಡಗಳು ಬರುತ್ತವೆ. ನಾವು ಹಣ ಕೊಟ್ಟು ನೀರು ಪಡೆದ ಗಿರಾಕಿಗಳಾಗಿ ಉಳಿದೆವು.

ಈಗ ವೀಸಾ ವಿಷಯ. ಇಡೀ ಪ್ರವಾಸವನ್ನು ಸೀಳಿದ್ದು ಅದೇ ಆದ್ದರಿಂದ ವಿವರವಾಗಿ ಬರೆಯುತ್ತೇನೆ. ನಮ್ಮ ಯೋಜನೆ ಸರಳವಾಗಿತ್ತು: ಬುಡಾಪೆಸ್ಟಿನಲ್ಲಿ ಇಳಿಯುವುದು, ಕೆಲವು ದಿನ ಅಲ್ಲಿದ್ದು ಬಸ್ಸಿನಲ್ಲಿ ಬೆಲ್‌ಗ್ರೇಡಿಗೆ ಹೋಗುವುದು, ಮತ್ತೆ ಬುಡಾಪೆಸ್ಟಿಗೆ ಬಂದು ವಿಮಾನ ಹತ್ತುವುದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗನ್ ವಲಯದಲ್ಲಿ ಹಂಗರಿ ಇದೆ, ಸರ್ಬಿಯಾ ಇಲ್ಲ. ಭಾರತೀಯರಿಗೆ ವೀಸಾ ಇಲ್ಲದೆ ಸರ್ಬಿಯಾಕ್ಕೆ ಹೋಗುವ ಅವಕಾಶ 2023ರ ಜನವರಿಯಿಂದ ನಿಂತುಹೋಗಿದೆ. ಆದರೆ ಚಾಲ್ತಿಯಲ್ಲಿರುವ ಷೆಂಗನ್ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಹಾಗಾಗಿ ಒಂದೇ ವೀಸಾದಲ್ಲಿ ಎರಡೂ ದೇಶ ಆಗುತ್ತದೆ. ಆದರೆ ಸರ್ಬಿಯಾಕ್ಕೆ ಕಾಲಿಟ್ಟರೆ ಷೆಂಗನ್ ವಲಯದಿಂದ ಹೊರಬಿದ್ದಂತೆ, ಬುಡಾಪೆಸ್ಟಿಗೆ ಮರಳುವುದು ಎರಡನೆಯ ಪ್ರವೇಶ. ಆದ್ದರಿಂದ ಬೇಕಾದದ್ದು ಹಲವು ಬಾರಿ ಪ್ರವೇಶದ ವೀಸಾ.

ಇದನ್ನು ನಾವು ಬರೆದೇ ಕೊಟ್ಟಿದ್ದೆವು. ಅರ್ಜಿ ತುಂಬಿದ ಪ್ರವಾಸ ಏಜೆನ್ಸಿಯವರು 13 ಹುಡುಗರ ಪೈಕಿ 6 ಜನರ ಅರ್ಜಿಯಲ್ಲಿ ಒಂದೇ ಪ್ರವೇಶ ಎಂದು ಗುರುತು ಹಾಕಿದ್ದರು. ಪಾಸ್‌ಪೋರ್ಟುಗಳನ್ನು ವಿಮಾನ ನಿಲ್ದಾಣಕ್ಕೆ ಹೊರಡುವ ಹೊತ್ತಿಗೆ ಕಟ್ಟುಮಾಡಿ ತಂದುಕೊಟ್ಟರು. ಎಲ್ಲವೂ ಸರಿಯಾಗಿದೆಯೆಂದು ಬಾಯಿಮಾತಿನಲ್ಲಿ ಭರವಸೆಯನ್ನೂ ಕೊಟ್ಟರು. ಬಸ್ ಹತ್ತುವ ಹಿಂದಿನ ರಾತ್ರಿ ಗಡಿಯಲ್ಲಿ ತೋರಿಸಲು ಪಟ್ಟಿ ಮಾಡುತ್ತಿದ್ದಾಗ ನಮ್ಮ ಸಹಾಯಕ ತರಬೇತುದಾರರು ಕೇಳಿದರು: "ಸರ್, ಇವನದರಲ್ಲಿ ಮಲ್ಟ್ ಅಂತ ಇದೆ, ಇವನದರಲ್ಲಿ ಒಂದು ಅಂತ ಇದೆ. ಯಾಕೆ?" ಮಲ್ಟ್ ಎಂದರೆ ಹಲವು ಬಾರಿ ಪ್ರವೇಶ.

ಏಜೆನ್ಸಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ, ಸರ್ಬಿಯಾ ಕೂಡ ಯುರೋಪಿನಲ್ಲೇ ಇದೆಯಲ್ಲ ಸರ್ ಎಂದು. ಸಿಟ್ಟಿನಿಂದ ಕೈ ನಡುಗುತ್ತಿತ್ತು. ಬೇರೆ ದಾರಿಗಳನ್ನೆಲ್ಲ ಲೆಕ್ಕ ಹಾಕಿದೆವು. ಆ ಆರು ಜನರಿಗೆ ಬೆಲ್‌ಗ್ರೇಡಿನಿಂದಲೇ ಊರಿಗೆ ಹೊಸ ಟಿಕೆಟ್ ತೆಗೆದರೆ ಕೊಳದ ಬಾಡಿಗೆಗಿಂತ ಹೆಚ್ಚಾಗುತ್ತಿತ್ತು. ಒಂದೇ ಪ್ರವೇಶ ಮುಗಿದುಹೋದ ವೀಸಾವನ್ನು ಸರ್ಬಿಯಾದ ಗಡಿಯಲ್ಲಿ ಒಪ್ಪುತ್ತಾರೆಯೇ ಎಂಬುದಕ್ಕೆ ಯಾರೂ ಖಚಿತವಾಗಿ ಉತ್ತರಿಸಲಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಕಟ್ಟಿಕೊಂಡು ಗಡಿಯಲ್ಲಿ ಅದೃಷ್ಟ ಪರೀಕ್ಷೆ ಮಾಡುವಂತಿಲ್ಲ. ಕೊನೆಗೆ ಆರು ಜನ ಸಹಾಯಕರೊಂದಿಗೆ ಬುಡಾಪೆಸ್ಟಿನಲ್ಲಿ ಉಳಿದರು. ಏಳು ಜನರನ್ನು ಕರೆದುಕೊಂಡು ನಾನು ಹೊರಟೆ. ನಮ್ಮ ಇಬ್ಬರು ಗೋಲ್‌ಕೀಪರುಗಳೂ ಉಳಿದವರ ಗುಂಪಿನಲ್ಲೇ ಇದ್ದರು. ಒಬ್ಬ ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಅವನ ಮನೆಯವರು ಸಾಲ ಮಾಡಿ ಕಳಿಸಿದ್ದರು.

ನೀವು ಹೋಗುವುದಾದರೆ ಪಾಸ್‌ಪೋರ್ಟ್ ಕೈಗೆ ಬಂದ ಕ್ಷಣವೇ ಪ್ರತಿಯೊಬ್ಬರ ವೀಸಾದಲ್ಲೂ ಎಷ್ಟು ಬಾರಿ ಪ್ರವೇಶ ಎಂಬ ಸಾಲನ್ನು ಓದಿ. ಏಜೆನ್ಸಿಯವರು ಕೊನೆಯ ಗಳಿಗೆಯಲ್ಲಿ ಕೊಡುತ್ತೇವೆಂದರೆ ಒಪ್ಪಬೇಡಿ. ಒಂದೇ ಪ್ರವೇಶದ ವೀಸಾ ಬಂದುಬಿಟ್ಟಿದ್ದರೆ ಸರ್ಬಿಯಾ ಬಿಟ್ಟು ಕ್ರೊಯೇಷಿಯಾವನ್ನು ಯೋಚಿಸಿ. 2023ರಿಂದ ಅದು ಷೆಂಗನ್ನಿನೊಳಗೇ ಇದೆ. 2012ರ ಲಂಡನ್ ಒಲಿಂಪಿಕ್ಸಿನ ಚಿನ್ನವೂ ಅವರದೇ.

ಗೋಲ್‌ಕೀಪರ್ ಸೇರಿ ಏಳು ಜನ ನೀರಿಗಿಳಿಯುವ ಆಟ ಇದು. ಬೆಲ್‌ಗ್ರೇಡ್ ತಲುಪಿದಾಗ ನಾವು ಏಳೇ ಜನ, ಬದಲಿ ಆಟಗಾರರಿಲ್ಲ, ಗೋಲ್‌ಕೀಪರ್ ಇಲ್ಲ. ತಂಡವಾಗಿ ಅಭ್ಯಾಸ ಮಾಡುವ ಮಾತೇ ಇರಲಿಲ್ಲ. ಅಲ್ಲಿನ ಕ್ಲಬ್ಬಿನ ಹಿರಿಯ ತರಬೇತುದಾರ ನಮ್ಮನ್ನು ಎಣಿಸಿ ನೋಡಿ, ಹುಡುಗರನ್ನು ಎರಡು ಮೂರು ಜನರಂತೆ ಬಿಡಿಸಿ ತನ್ನ ಕಿರಿಯರ ತಂಡಗಳೊಳಗೆ ಸೇರಿಸಿಬಿಟ್ಟ. ನಮ್ಮ ಪ್ರವಾಸದ ಅತ್ಯುತ್ತಮ ದಿನಗಳು ಅಲ್ಲಿಂದ ಶುರುವಾದವು.

ಸರ್ಬಿಯಾ 2016, 2020, 2024ರ ಮೂರೂ ಒಲಿಂಪಿಕ್ಸುಗಳ ಚಿನ್ನ ಗೆದ್ದ ದೇಶ. ಅದು ಹೇಗೆಂದು ಮೊದಲ ಬೆಳಗ್ಗೆಯೇ ತಿಳಿಯಿತು. ಕಾಲು. ಎಲ್ಲವೂ ಕಾಲು. ಎರಡೂ ಕಾಲುಗಳನ್ನು ಸರದಿಯಂತೆ ಸುತ್ತಿಸುತ್ತ ನೀರಿನಲ್ಲಿ ನೆಟ್ಟಗೆ ನಿಲ್ಲುವ ಎಗ್‌ಬೀಟರನ್ನು ಕೈ ಮೇಲೆತ್ತಿಕೊಂಡು, ಆಮೇಲೆ ಭಾರದ ಚೆಂಡು ಹಿಡಿದುಕೊಂಡು, ಆಮೇಲೆ ಎದುರಾಳಿಯೊಬ್ಬ ಭುಜ ಒತ್ತುತ್ತಿರುವಾಗ ಮಾಡಿಸುತ್ತಾರೆ. ನಮ್ಮೂರಿನ ಅನೇಕ ಕೊಳಗಳಿಗೆ ಒಂದು ತುದಿಯಲ್ಲಿ ಆಳವಿಲ್ಲ. ಆಟಕ್ಕೆ ಕನಿಷ್ಠ 1.8 ಮೀಟರ್ ಆಳ ಬೇಕು, ನೆಲ ಮುಟ್ಟುವಂತಿಲ್ಲ. ನಮ್ಮ ಹುಡುಗರು ದಣಿದಾಗ ತಿಳಿಯದೆಯೇ ಕಾಲ್ಬೆರಳಿನಿಂದ ನೆಲ ಹುಡುಕುತ್ತಾರೆ. ಬೆಲ್‌ಗ್ರೇಡಿನಲ್ಲಿ ಹುಡುಕಿದರೂ ನೆಲ ಸಿಗಲಿಲ್ಲ. ತಮಗಿಂತ ಒಂದೆರಡು ವರ್ಷ ಚಿಕ್ಕವರು ಗೋಲಿನ ಮುಂದೆ ತಮ್ಮನ್ನು ನೀರಿನಲ್ಲಿ ಅದ್ದಿ ಜಾಗ ಕಸಿದುಕೊಳ್ಳುವಾಗ ಕಲಿತದ್ದು ಯಾವ ಪಾಠದಲ್ಲೂ ಸಿಗುವಂಥದ್ದಲ್ಲ. ದಿನವೂ ಆಟ, ದಿನವೂ ಬೇರೆ ಬೇರೆ ಎದುರಾಳಿ. ಭಾಷೆ ಬಾರದೆಯೇ ಯಾವಾಗ ಚೆಂಡು ಬರುತ್ತದೆಂದು ನಮ್ಮ ಹುಡುಗರಿಗೆ ಗೊತ್ತಾಗತೊಡಗಿತು.

ಊಟ: ಬೇಯಿಸಿದ ಬೀನ್ಸಿನ ಪ್ರೆಬ್ರಾನಾತ್ಸ್, ಗಿಣ್ಣು ತುಂಬಿದ ಬುರೆಕ್. ಸಸ್ಯಾಹಾರಿಗಳು ಇವುಗಳಲ್ಲೇ ದಿನ ಕಳೆಯಬಹುದು. ಭಾರತೀಯ ಊಟದ ಆಯ್ಕೆ ಬುಡಾಪೆಸ್ಟಿನಲ್ಲಿ ಹೆಚ್ಚು. ಓಡಾಟ: ಬೆಲ್‌ಗ್ರೇಡಿನ ನಗರ ಸಾರಿಗೆ 2025ರ ಜನವರಿಯಿಂದ ಎಲ್ಲರಿಗೂ ಉಚಿತ. ತಂಡದ ಖರ್ಚಿನಲ್ಲಿ ಇದು ಸಣ್ಣದಲ್ಲ. ಮೈನೋವಿಗೆ: ಬುಡಾಪೆಸ್ಟಿನ ಲುಕಾಚ್ ಬಿಸಿನೀರಿನ ಸ್ನಾನಗೃಹಕ್ಕೆ ಸಾಟಿಯಿಲ್ಲ. ಊರು ನೋಡಲೂ ಬುಡಾಪೆಸ್ಟೇ ಚೆಂದ.

ಊರಿಗೆ ಮರಳಿದ ಮೇಲೆ ಎರಡೂ ಗುಂಪುಗಳನ್ನು ಒಂದೇ ಕೊಳದಲ್ಲಿ ನೋಡಿದೆ. ಉಳಿದಿದ್ದವರ ಕೈ ಚುರುಕಾಗಿತ್ತು, ಚೆಂಡು ದಾಟಿಸುವುದು ಸೊಗಸಾಗಿತ್ತು. ಹೋಗಿದ್ದವರನ್ನು ಮಾತ್ರ ಗೋಲಿನ ಮುಂದಿನಿಂದ ಅಲುಗಾಡಿಸಲು ಆಗುತ್ತಿರಲಿಲ್ಲ. ಪಂದ್ಯ ಗೆಲ್ಲಿಸುವುದು ಹಾಗೆ ಅಲುಗಾಡದೆ ನಿಲ್ಲುವುದೇ ಎಂದು ನಾನು ನಂಬುತ್ತೇನೆ.

ನಮ್ಮ ರಾಷ್ಟ್ರೀಯ ತಂಡದ ಪ್ರವಾಸಗಳನ್ನು ಯೋಜಿಸುವವರಿಗೂ ಇದನ್ನೇ ಹೇಳಬಯಸುತ್ತೇನೆ. 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ನಾವು ಚಿನ್ನ ಗೆದ್ದಿದ್ದೆವು. 1970ರಲ್ಲಿ ಬೆಳ್ಳಿ, 1982ರಲ್ಲಿ ಕಂಚು. ಆ ಮೇಲೆ ಏನೂ ಇಲ್ಲ. ಹದಿಮೂರು ಜನರನ್ನು ಒಟ್ಟಾಗಿ ಒಯ್ದು, ಬಾಡಿಗೆ ಕೊಳದಲ್ಲಿ ಅವರವರೇ ಆಡಿಕೊಂಡು ಬಂದರೆ ಬದಲಾಗುವುದು ನೀರಿನ ತಾಪಮಾನ ಮಾತ್ರ. ಅವರನ್ನು ನಾಲ್ಕು ಕ್ಲಬ್ಬುಗಳಿಗೆ ಹಂಚಿ, ಒಂದು ತಿಂಗಳು ಅಲ್ಲಿಯವರಾಗಿ ಆಡಲು ಬಿಡಿ. ಕೊನೆಯ ವಾರದಲ್ಲಿ ಒಟ್ಟುಗೂಡಿಸಿ ಪಂದ್ಯ ಆಡಿಸಿ.

ನನ್ನ ಮುಂದಿನ ಯೋಜನೆ ಸಿದ್ಧವಾಗಿದೆ. ದೋಹಾ ಮಾರ್ಗವಾಗಿ ಬೆಲ್‌ಗ್ರೇಡಿಗೇ ಹೋಗಿ ಅಲ್ಲಿಂದಲೇ ಹಿಂದಿರುಗುವ ಟಿಕೆಟ್, ಎಲ್ಲರಿಗೂ ಸರ್ಬಿಯಾದ್ದೇ ವೀಸಾ, ಅರ್ಜಿಗಳನ್ನು ತುಂಬುವುದು ನಾವೇ. ಕಳೆದ ಬಾರಿ ಉಳಿದುಹೋದ ಆರು ಜನರ ಹೆಸರು ಪಟ್ಟಿಯಲ್ಲಿ ಮೊದಲಿಗಿದೆ.